ಕಿಡಿಯೊ ಮಾಡಲೇ, ನೆವ್ರಿ ಮಾಡಲೇ?

ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಕ್ರಿಸ್ಮಸ್ ಎಂದರೆ ಕುಸ್ವಾರ್ ತಟ್ಟೆ. ನೆರೆಹೊರೆಗೂ ಹಂಚುವ ಬಗೆಬಗೆಯ ತಿಂಡಿಗಳು. ಮೊದಲ ಸಲ ಕೈಹಾಕುವವರು ಅಷ್ಟನ್ನೂ ಮಾಡಲು ಹೊರಟರೆ ಕೆಟ್ಟರು. ಅದರಲ್ಲಿನ ನೆವ್ರಿ, ಕಿಡಿಯೊ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ನೆವ್ರಿ ನಮ್ಮ ಕರ್ಜಿಕಾಯಿಯ ಬಂಧುವೇ. ಹುರಿದ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿಯ ಹೂರಣ. ರುಚಿಯಲ್ಲಿ ನನ್ನ ಮತ ಇದಕ್ಕೇ. ಆದರೆ ಅಂಚು ಸರಿಯಾಗಿ ಅಂಟದಿದ್ದರೆ ಎಣ್ಣೆಯಲ್ಲೇ ಬಾಯಿ ಬಿಡುತ್ತದೆ. ಚೆಲ್ಲಿದ ಎಳ್ಳು ಸೀದು ಮುಂದಿನ ಒಬ್ಬೆಗೂ ಕಹಿ ಹತ್ತುತ್ತದೆ. ಕೊಬ್ಬರಿಯಲ್ಲಿ ಪಸೆ ಉಳಿದರೆ ಬೇಗ ಕಮಟು ಹಿಡಿಯುತ್ತದೆ.

ಕಿಡಿಯೊ ಎಂದರೆ ಕೊಂಕಣಿಯಲ್ಲಿ ಹುಳುಗಳು, ಹೆಸರಿಗೆ ಹೆದರಬೇಡಿ. ತೆಂಗಿನಹಾಲಿನಲ್ಲಿ ಕಲಸಿದ ಮೈದಾದ ಪುಟ್ಟ ಉಂಡೆಯನ್ನು ಫೋರ್ಕಿನ (ಅಥವಾ ಇದಕ್ಕೆಂದೇ ತೆಗೆದಿಟ್ಟ ಹೊಸ ಬಾಚಣಿಗೆಯ) ಹಲ್ಲುಗಳ ಮೇಲೆ ಒತ್ತಿ, ಸುರುಳಿ ಸುತ್ತಿ, ಕರಿದು, ಸಕ್ಕರೆ ಪಾಕದಲ್ಲಿ ಹೊರಳಿಸುವುದು. ಕಿಲೋ ಹಿಟ್ಟಿಗೆ ನೂರಾರು ಸುರುಳಿ. ಒಬ್ಬರೇ ಕುಳಿತರೆ ಸೊಂಟ ಬಿದ್ದುಹೋಗುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮಾತ್ರ ಇದೇ ಸರಿ: ಸೊಟ್ಟಗಾದದ್ದನ್ನೆಲ್ಲ ಪಾಕ ಮುಚ್ಚುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹೊಸ ವರ್ಷದಾಚೆಗೂ ಗರಿಗರಿ.

ಒಬ್ಬರೇ ಇದ್ದೀರೆಂದರೆ 25 ನೆವ್ರಿ ಸಾಕು. ಡಿಸೆಂಬರ್ 24ರ ರಾತ್ರಿ ಚರ್ಚಿನ ಬಲಿಪೂಜೆಗೆ (ಮಾಸ್) ಹೊರಡುವ ಮುನ್ನ ಕೈ ತೊಳೆದುಕೊಳ್ಳಬಹುದು. ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ ಕೂಡ ಬೇಕೆನಿಸಿದರೆ ಬೇಕರಿಯಿಂದ ತನ್ನಿ. ಅದರ ಅಚ್ಚು ಪಳಗುವುದರೊಳಗೆ ಹಬ್ಬವೇ ಮುಗಿದಿರುತ್ತದೆ.