ಇರುವೆ ಓಡಿಸಲು ಹೋಗಿ ದಾಸವಾಳ ಕಳೆದುಕೊಂಡೆ

ಇರುವೆ ಕಾಟಕ್ಕೆ ಗಿಡದ ಬುಡಕ್ಕೆ ಕುದಿಯುವ ನೀರು, ಉಪ್ಪು, ವಿನೆಗರ್ ಸುರಿಯಬೇಕು ಅಂತಿದ್ದೀರಾ? ದಯವಿಟ್ಟು ಬೇಡ. ನಾನು ಸುರಿದೆ. ಆರು ವರ್ಷದ ದಾಸವಾಳ ಹೋಯಿತು. ಇರುವೆ ಮಾತ್ರ ಎಲ್ಲೂ ಹೋಗಲಿಲ್ಲ.

ಗಿಡದ ಬುಡದಲ್ಲಿ ಪುಡಿಮಣ್ಣಿನ ಗುಪ್ಪೆ ಎದ್ದಿತ್ತು. ಕಾಂಡದ ಮೇಲೆ ದಿನವಿಡೀ ಕಪ್ಪಿರುವೆಗಳ ಸಾಲು. ವಿಷದ ಪುಡಿ ಹಾಕಲು ಮನಸ್ಸಾಗಲಿಲ್ಲ. ಅಡುಗೆಮನೆಯ ಸಾಮಾನು ತಾನೇ, ಇದರಿಂದ ಏನಾಗುತ್ತೆ ಅಂತ ಒಂದು ಪಾತ್ರೆ ಕುದಿಯುವ ನೀರು ಹೊಯ್ದೆ. ಮೇಲಿದ್ದ ಇರುವೆಗಳು ಸತ್ತವು. ನಾಲ್ಕೇ ದಿನಕ್ಕೆ ಗೇಣು ದೂರದಲ್ಲಿ ಹೊಸ ಗುಪ್ಪೆ!

ಈಗ ಯೋಚಿಸಿದರೆ ನಗು ಬರುತ್ತೆ. ರಾಣಿ ಇರುವುದು ಆಳದಲ್ಲಿ. ಅಲ್ಲಿಗೆ ಇಳಿಯುವಷ್ಟರಲ್ಲಿ ನೀರು ಆರಿರುತ್ತದೆ. ಆದರೆ ಗಿಡಕ್ಕೆ ನೀರು ಎಳೆದುಕೊಡುವ ಸಣ್ಣ ಬೇರುಗಳು ಮೇಲ್ಮಣ್ಣಿನಲ್ಲೇ ಜಾಸ್ತಿ. ಬೆಂದಿದ್ದು ಅವು.

ಸುಮ್ನಿರದೆ ಮತ್ತೆ ವಿನೆಗರ್‌ಗೆ ಎರಡು ಹಿಡಿ ಉಪ್ಪು ಕಲಸಿ ಸುರಿದೆ. ವಾರದೊಳಗೆ ಎಲೆಯ ಅಂಚುಗಳು ಸುಟ್ಟ ಕಾಗದದಂತೆ ಕಂದಾಗಿ ಮುರುಟಿದವು. ಮೊಗ್ಗುಗಳು ಉದುರಿದವು. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಜೀವ ಇದ್ದರೆ ಒಳಗೆ ಹಸಿರು ಕಾಣಬೇಕು. ಬುಡದಿಂದ ತುದಿಯವರೆಗೂ ಒಣಕಲು. ಉಪ್ಪು ಕೊಳೆತು ಮಾಯವಾಗುವ ವಸ್ತುವಲ್ಲ ನೋಡಿ, ನೀರಿನಲ್ಲಿ ತೊಳೆದು ಹೋಗುವ ತನಕ ಮಣ್ಣಲ್ಲೇ ಕೂತಿರುತ್ತೆ. ಆ ಮಣ್ಣನ್ನು ಅಗೆದು ತೆಗೆಯಬೇಕಾಯಿತು.

ಗಿಡ ಕಡಿಯುವಾಗಲೇ ನಿಜವಾದ ಕಾರಣ ಕಣ್ಣಿಗೆ ಬಿದ್ದಿದ್ದು. ಕೊಂಬೆ ಸಂದಿಗಳಲ್ಲಿ ಹತ್ತಿ ಅಂಟಿಸಿದಂತೆ ಬಿಳಿ ಬಿಳಿ. ಹಿಟ್ಟು ತಿಗಣೆ! ಅದು ಗಿಡದ ರಸ ಹೀರಿ ಸಿಹಿಯಾದ ಅಂಟು ಬಿಡುತ್ತದೆ. ಇರುವೆಗೆ ಅದೇ ಊಟ. ಅದಕ್ಕೇ ತಿಗಣೆಯನ್ನು ತಿನ್ನಲು ಬರುವ ಹುಳುಗಳನ್ನೂ ಓಡಿಸಿ ಕಾಯುತ್ತವೆ, ಹಸು ಸಾಕಿದ ಹಾಗೆ. ಒಂದು ಸಲ ಎಲೆ ಮಗುಚಿ ನೋಡಿದ್ದರೆ ಸಾಕಿತ್ತು, ಅಲ್ವಾ?

ಕುಂಡದಲ್ಲಿದ್ದ ಇನ್ನೊಂದು ದಾಸವಾಳಕ್ಕೂ ಅದೇ ಹತ್ತಿತ್ತು. ಅಲ್ಲಿ ದಾರಿ ಬದಲಿಸಿದೆ. ತೀರಾ ಮುತ್ತಿದ ತುದಿಗಳನ್ನು ಕತ್ತರಿಸಿದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಸೋಪಿನ ದ್ರವ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೆ ಸಿಂಪಡಿಸಿದೆ. ಕಾಂಡಕ್ಕೆ ಟೇಪ್ ಸುತ್ತಿ, ಟೇಪಿನ ಮೇಲೆ ವ್ಯಾಸಲೀನ್ ಬಳಿದೆ. ತೊಗಟೆಗೆ ನೇರವಾಗಿ ಬಳಿಯಬೇಡಿ. ಆದರೂ ಎರಡು ದಿನ ಇರುವೆ ಹತ್ತುತ್ತಲೇ ಇದ್ದವು. ನೋಡಿದರೆ ಒಂದು ಕೊಂಬೆ ಗೋಡೆಗೆ ತಾಗಿತ್ತು, ಅದೇ ಅವಕ್ಕೆ ಸೇತುವೆ! ಅದನ್ನು ಕತ್ತರಿಸಿದ ಮೇಲೆ ಸಾಲು ನಿಂತಿತು. ಸೋಪಿನ ನೀರನ್ನು ವಾರಕ್ಕೊಮ್ಮೆಯಂತೆ ಮೂರು ಸಲ ಹೊಡೆದೆ.

ಮನೆಯೊಳಗೆ ಇರುವೆ ಸಾಲು ಬಿಟ್ಟುಹೋದ ವಾಸನೆಯ ಜಾಡು ಅಳಿಸಲು ವಿನೆಗರ್ ನೀರಿನಲ್ಲಿ ಒರೆಸುವುದು ಸರಿಯೇ. ಅಮೃತಶಿಲೆಯ ಮೇಲೆ ಮಾತ್ರ ಬೇಡ, ಹೊಳಪು ಹೋಗುತ್ತೆ. ಇದೂ ಸ್ವಂತ ಅನುಭವ.

ಇನ್ನು ಇರುವೆ ಗೂಡಿಗೆ ಒಯ್ದು ಅಲ್ಲಿರುವವೂ ಸಾಯಲಿ ಅಂತ ಸಕ್ಕರೆ ನೀರಿಗೆ ಬೋರಿಕ್ ಪೌಡರ್ ಬೆರೆಸಿಡುವವರು ಎರಡು ವಿಷಯ ಗಮನಿಸಿ. ಜಾಸ್ತಿ ಹಾಕಿದರೆ ಬಂದ ಇರುವೆ ಬಟ್ಟಲ ಪಕ್ಕದಲ್ಲೇ ಸಾಯುತ್ತದೆ, ಗೂಡಿಗೆ ಒಯ್ಯುವುದೇ ಇಲ್ಲ. ಶೇಕಡ 1ರಷ್ಟು, ಅಂದರೆ 100 ಮಿಲಿ ನೀರಿಗೆ 1 ಗ್ರಾಂ ಸಾಕು. ಮತ್ತೆ ಅದು ಹೊಟ್ಟೆಗೆ ಹೋದರೆ ನಮಗೂ ವಿಷವೇ. ಮಗು, ನಾಯಿ, ಬೆಕ್ಕು ಇರುವ ಮನೆಯಲ್ಲಿ ತೆರೆದ ಬಟ್ಟಲಲ್ಲಿ ಇಡಲೇಬೇಡಿ.