ಝೋಡಿಯಾಕ್ ಸೈಫರ್ ಬಿಡಿಸಲು ಪೆನ್ಸಿಲ್ಲೋ ಸಾಫ್ಟ್‌ವೇರೋ? ನಾಲ್ಕು ದಾರಿ ನೋಡಿದ ಮೇಲೆ

ಒಂದು ಅಕ್ಷರಕ್ಕೆ ಒಂದೇ ಚಿಹ್ನೆ ಇದ್ದರೆ ಆ ಗುಪ್ತಲಿಪಿ ಬಿಡಿಸುವುದು ಅಂಥ ಕಷ್ಟವಲ್ಲ. ಇಂಗ್ಲಿಷಿನಲ್ಲಿ ‘ಇ’ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಹಾಗಾಗಿ ಜಾಸ್ತಿ ಕಾಣುವ ಚಿಹ್ನೆಯೇ ‘ಇ’ ಅಂತ ಹಿಡಿದು ಹೊರಡಬಹುದು. ಇದನ್ನು ತಪ್ಪಿಸಲು ಹಿಂದಿನವರು ಒಂದು ಉಪಾಯ ಹೂಡಿದರು. ಜಾಸ್ತಿ ಬರುವ ಅಕ್ಷರಕ್ಕೆ ನಾಲ್ಕೈದು ಚಿಹ್ನೆ ಕೊಟ್ಟು, ಒಮ್ಮೆ ಇದು, ಒಮ್ಮೆ ಅದು ಅಂತ ಬದಲಿಸುತ್ತಾ ಹೋಗುವುದು. ಹೋಮೋಫೋನಿಕ್ ಸೈಫರ್ ಅಂದರೆ ಇಷ್ಟೇ.

ಇಂಥದ್ದನ್ನು ಬಿಡಿಸಲು ನಾಲ್ಕು ದಾರಿ ಹಿಡಿದು ನೋಡಿದೆ: ಪೆನ್ಸಿಲ್ಲು ಮತ್ತು ಚೌಕುಳಿ ಹಾಳೆ, ನಾನೇ ಬರೆದ ಪೈಥಾನ್ ಸ್ಕ್ರಿಪ್ಟ್ (ಪುಟ್ಟ ಕಂಪ್ಯೂಟರ್ ಪ್ರೋಗ್ರಾಂ), ಕ್ರಿಪ್‌ಟೂಲ್ 2, ಎಝಡ್‌ಡಿಕ್ರಿಪ್ಟ್. ಕೊನೆಯ ಎರಡೂ ವಿಂಡೋಸ್‌ಗೆ ಪುಕ್ಕಟೆ ಸಿಗುವ ಸಾಫ್ಟ್‌ವೇರ್. ಪರೀಕ್ಷೆಗೆ ಇಟ್ಟುಕೊಂಡಿದ್ದು ಝೋಡಿಯಾಕ್ ಅಂತ ತಾನೇ ಹೆಸರಿಟ್ಟುಕೊಂಡ ಕ್ಯಾಲಿಫೋರ್ನಿಯಾದ ಕೊಲೆಗಾರನ ಎರಡು ಸೈಫರ್. 1969ರ ಜುಲೈ ಕೊನೆಯಲ್ಲಿ ಮೂರು ಪತ್ರಿಕೆಗಳಿಗೆ ಮೂರು ತುಂಡಾಗಿ ಕಳಿಸಿದ್ದು 408 ಚಿಹ್ನೆಗಳದ್ದು. ಅದೇ ವರ್ಷ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್‌ಗೆ ಬಂದದ್ದು 340 ಚಿಹ್ನೆಗಳದ್ದು. ಮೊದಲನೆಯದು ಸುಮಾರು ಒಂದು ವಾರದಲ್ಲಿ ಬಯಲಾಯಿತು. ಎರಡನೆಯದಕ್ಕೆ 51 ವರ್ಷ ಬೇಕಾಯಿತು. ಒಳಗಿರುವ ಮಾತು ಓದಿದರೆ ಅಸಹ್ಯವಾಗುತ್ತದೆ, ಆ ಮನುಷ್ಯನ ಬಗ್ಗೆ ನನಗೆ ಕುತೂಹಲವೂ ಇಲ್ಲ. ಆದರೆ ಉತ್ತರ ಗೊತ್ತಿದ್ದು, ಇಷ್ಟೊಂದು ತಪ್ಪುಗಳೂ ಇರುವ ಸೈಫರ್ ಸಿಗುವುದು ಅಪರೂಪ.

ಉತ್ತರ ಗೊತ್ತಿದ್ದೂ ಕೈಯಲ್ಲಿ ಬಿಡಿಸುವುದು ಮೋಸ ಅಲ್ವಾ? ಹೌದು. ಅದಕ್ಕೇ ಗೆಳೆಯನೊಬ್ಬನಿಗೆ ಹೇಳಿ ಇನ್ನೊಂದು ಸೈಫರ್ ಮಾಡಿಸಿಕೊಂಡೆ. ಇಂಗ್ಲಿಷ್ ಬರಹ, ವಿಷಯ ಕ್ರಿಕೆಟ್, ನಡುವೆ ಬೇಕಂತಲೇ ತಪ್ಪು ಸೇರಿಸು ಅಂದಿದ್ದೆ.

ಪೆನ್ಸಿಲ್ ದಾರಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 408ರ ಸಾಲೊಂದರಲ್ಲಿ 17 ಚಿಹ್ನೆ. ಮೊದಲ ಸಾಲು ‘ಐ ಲೈಕ್ ಕಿಲ್ಲಿಂಗ್ ಪೀಪಲ್’ ಅನ್ನುವಷ್ಟಕ್ಕೆ, ಕೊನೆಯ ‘ಇ’ ಒಂದನ್ನು ಬಿಟ್ಟು, ಮುಗಿಯುತ್ತದೆ. ಇದರಲ್ಲಿ ‘ಐ’ ಅಕ್ಷರ ನಾಲ್ಕು ಸಲ ಬರುತ್ತದೆ, ನಾಲ್ಕು ಸಲವೂ ಬೇರೆ ಬೇರೆ ಚಿಹ್ನೆ: ತ್ರಿಕೋಣ, ಪಿ, ಯು, ತಿರುಗಿಸಿ ಬರೆದ ಕೆ. ಎಷ್ಟು ಜಾಣತನ ಅನ್ನಿಸುತ್ತದೆ. ಎರಡನೇ ಸಾಲಿಗೆ ಹೋಗಿ. ಅಲ್ಲಿ ‘ಐ’ ಎರಡು ಸಲ ಇದೆ: ತ್ರಿಕೋಣ, ಪಿ. ಮೂರನೇ ಸಾಲಿನಲ್ಲಿ ಮತ್ತೆರಡು: ಯು, ತಿರುಗಿದ ಕೆ. ಸರದಿ ತಪ್ಪದೆ ಬಳಸಿದ್ದಾನೆ! ಬದಲಿಸಬೇಕು ಅನ್ನುವುದು ಗೊತ್ತಿತ್ತು, ಸರದಿಯಲ್ಲಿ ಬದಲಿಸಿದರೆ ಅದೇ ಸುಳಿವಾಗುತ್ತದೆ ಅನ್ನುವುದು ಹೊಳೆದಿರಲಿಲ್ಲ. ಒಂದು ಚಿಹ್ನೆ ಹಿಡಿದು, ಅದು ಎರಡು ಸಲ ಬರುವುದರ ನಡುವೆ ತಪ್ಪದೆ ಒಂದೊಂದೇ ಸಲ ಬರುವ ಚಿಹ್ನೆಗಳು ಯಾವುವು ಅಂತ ಹುಡುಕಿದರೆ, ಯಾವುದು ಯಾವುದರ ಜೊತೆಯದು ಅಂತ ಅಕ್ಷರ ಗೊತ್ತಿಲ್ಲದೆಯೂ ಗುಂಪು ಮಾಡಬಹುದು. ಕೈಯಲ್ಲಿ ಮಾಡುವಾಗ ಇದರಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

1969ರಲ್ಲಿ ಇದನ್ನು ಬಿಡಿಸಿದ್ದು ಪೊಲೀಸರಲ್ಲ. ಸ್ಯಾಲಿನಾಸ್ ಊರಿನ ಶಾಲಾ ಮೇಷ್ಟ್ರು ಡೊನಾಲ್ಡ್ ಹಾರ್ಡನ್ ಮತ್ತು ಅವರ ಹೆಂಡತಿ ಬೆಟ್ಟಿ. ಇಂಥವನು ‘ಐ’ ಅಂತಲೇ ಶುರು ಮಾಡುತ್ತಾನೆ, ‘ಕಿಲ್’ ಅನ್ನುವ ಪದ ಬಂದೇ ಬರುತ್ತದೆ ಅಂತ ಬೆಟ್ಟಿ ಊಹಿಸಿದರು. ಮನುಷ್ಯನ ಸ್ವಭಾವ ನೋಡಿ ಹಿಡಿದ ಎಳೆ ಅದು. ನನ್ನ ಬಳಿಯಿದ್ದ ಯಾವ ಸಾಫ್ಟ್‌ವೇರೂ ಹಾಗೆ ಯೋಚಿಸುವುದಿಲ್ಲ.

ಗೆಳೆಯನ ಸೈಫರ್‌ನಲ್ಲಿ ಈ ಸರದಿಯ ಆಟ ನಡೆಯಲಿಲ್ಲ. ಅವನು ಚೀಟಿ ಎತ್ತಿ ಚಿಹ್ನೆ ಆರಿಸಿದ್ದ. ‘ವಿಕೆಟ್’, ‘ಇನ್ನಿಂಗ್ಸ್’ ಅಂತ ಪದ ಊಹಿಸಿ ಕೂರಿಸುತ್ತಾ, ರಬ್ಬರ್ ಸವೆಸುತ್ತಾ ಕೂತೆ. ಕೊನೆಗೆ ಬಂತು, ಆದರೆ ವಿಷಯ ಕ್ರಿಕೆಟ್ ಅಂತ ಗೊತ್ತಿರದಿದ್ದರೆ ಬರುತ್ತಿರಲಿಲ್ಲ.

ನನ್ನ ಪೈಥಾನ್ ಸ್ಕ್ರಿಪ್ಟ್ ಬಗ್ಗೆ ಹೇಳುವುದು ಕಡಿಮೆ. ಚಿಹ್ನೆಗಳಿಗೆ ಸುಮ್ನೆ ಅಕ್ಷರ ಹಂಚುವುದು, ಒಂದನ್ನು ಬದಲಿಸಿ ನೋಡುವುದು, ನಾಲ್ಕು ಅಕ್ಷರದ ತುಣುಕುಗಳು ಇಂಗ್ಲಿಷಿಗೆ ಹತ್ತಿರವಾದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಬಿಡುವುದು. ತತ್ವ ಸರಿ, ವೇಗ ಸಾಲದು. ಅರ್ಧ ಸರಿಯಾದ ಉತ್ತರದಲ್ಲಿ ಸಿಕ್ಕಿಕೊಂಡು ಅಲ್ಲೇ ಸುತ್ತುತ್ತಿತ್ತು. ಕಲಿಯಲು ಒಳ್ಳೆಯದು, ಬಿಡಿಸಲು ಬೇಡ.

ಎಝಡ್‌ಡಿಕ್ರಿಪ್ಟ್ ಮಾಡುವುದೂ ಬುಡದಲ್ಲಿ ಇದನ್ನೇ, ಆದರೆ ಅದರ ಓಟವೇ ಬೇರೆ. ಬೆಲ್ಜಿಯಂನ ಯಾರ್ಲ್ ವಾನ್ ಐಕ್ ಬರೆದದ್ದು. 408 ಅನ್ನು ಹಾಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ. ಗೆಳೆಯನ ಚೀಟಿಯ ಜಾಣತನವೂ ಅದಕ್ಕೆ ಲೆಕ್ಕಕ್ಕಿಲ್ಲ, ಯಾಕೆಂದರೆ ಸರದಿ ಇದೆಯೋ ಇಲ್ಲವೋ ಅಂತ ಅದು ನೋಡುವುದೇ ಇಲ್ಲ. ಅವನು ಬಿಟ್ಟಿದ್ದ ಒಂದು ಅಕ್ಷರವೂ ತೊಂದರೆ ಕೊಡಲಿಲ್ಲ. ಒಂದು ಪದ ಮೊಂಡಾಗಿ ಕಂಡಿತು, ಅಷ್ಟೇ. ಕ್ರಿಪ್‌ಟೂಲ್ 2 ಇದಕ್ಕಿಂತ ನಿಧಾನ, ಮೊದಲ ಸಲ ತೆರೆದಾಗ ಎಲ್ಲಿ ಏನಿದೆ ಅಂತ ಹುಡುಕಬೇಕು. ಆದರೆ ಅದರಲ್ಲಿ ನನಗೆ ಇಷ್ಟವಾದ ಒಂದು ಅನುಕೂಲವಿದೆ. ಸರಿ ಅನ್ನಿಸಿದ ಪದಗಳಿಗೆ ಬೀಗ ಹಾಕಿ, ಉಳಿದದ್ದನ್ನು ಮಾತ್ರ ಹುಡುಕು ಅನ್ನಬಹುದು. ಪೆನ್ಸಿಲ್ಲಿನ ಬುದ್ಧಿಗೆ ಯಂತ್ರದ ಕೈ ಸಿಕ್ಕ ಹಾಗೆ.

ತಪ್ಪುಗಳಲ್ಲೂ ಎರಡು ಜಾತಿ. 408ರಲ್ಲಿ ‘ಸ್ಲೋ ಡೌನ್’ ಅನ್ನುವಲ್ಲಿ ‘ಡಬ್ಲ್ಯೂ’ ಬದಲು ‘ಐ’ ಬಂದಿದೆ. ಅದರ ಪಕ್ಕದಲ್ಲೇ ‘ಸ್ಟಾಪ್’ ಅನ್ನುವ ಪದ ‘ಎಸ್’ ಬದಲು ‘ಎ’ಯಿಂದ ಶುರುವಾಗುತ್ತದೆ. ಇದು ಸಾಫ್ಟ್‌ವೇರ್ ಮಾಡಿದ ತಪ್ಪೋ ಬರೆದವನ ತಪ್ಪೋ? ಆ ಚಿಹ್ನೆ ಬೇರೆ ಕಡೆ ಏನಾಗಿದೆ ಅಂತ ನೋಡಿದರೆ ಗೊತ್ತಾಗುತ್ತದೆ. ಬೇರೆಲ್ಲ ಕಡೆ ಸರಿಯಾದ ಪದ ಬರುತ್ತಿದ್ದರೆ ತಪ್ಪು ಬರೆದವನದು. ‘ಪ್ಯಾರಡೈಸ್’ ಪದದ ‘ಎಸ್’ ಜಾಗದಲ್ಲಿ ‘ಸಿ’ ಇದೆ, ಅದು ಎರಡೂ ಸೈಫರ್‌ಗಳಲ್ಲಿ ಹಾಗೇ ಇದೆ. ಇವೆಲ್ಲ ಮೊದಲ ಜಾತಿ: ಅಕ್ಷರ ತಪ್ಪು, ಜಾಗ ಸರಿ. ನಾಲ್ಕೂ ದಾರಿಗಳು ಇದನ್ನು ಸಹಿಸಿಕೊಳ್ಳುತ್ತವೆ.

ಎರಡನೇ ಜಾತಿ ಜಾಗದ ತಪ್ಪು. ಅದು ಕಾಡಿದ್ದು 340ರಲ್ಲಿ. ಇದೂ 17 ಅಗಲದ್ದೇ, 20 ಸಾಲು, 63 ಬಗೆಯ ಚಿಹ್ನೆ. ನೇರವಾಗಿ ಎಝಡ್‌ಡಿಕ್ರಿಪ್ಟ್‌ಗೆ ಹಾಕಿದರೆ ಇಂಗ್ಲಿಷಿನ ಹಾಗೆ ಕಾಣುವ ಕಸ ಬರುತ್ತದೆ. ಅಲ್ಲಿ ಇಲ್ಲಿ ಒಂದು ಪದ ಹೊಳೆದು ಆಸೆ ಹುಟ್ಟಿಸುತ್ತದೆ, ಅಷ್ಟಕ್ಕೇ ನಂಬಿದರೆ ಕೆಟ್ಟಿರಿ. ಯಾಕೆಂದರೆ ಅವನು ಅಕ್ಷರಗಳನ್ನು ಅಡ್ಡಡ್ಡ ಬರೆದಿರಲಿಲ್ಲ. ಒಂದು ಸಾಲು ಕೆಳಗೆ, ಎರಡು ಮನೆ ಬಲಕ್ಕೆ ಅಂತ ಓರೆಯಾಗಿ ಬರೆದಿದ್ದ. ಇದರ ಸುಳಿವು ಮೊದಲೇ ಸಿಕ್ಕಿತ್ತು. 19 ಮನೆ ದೂರದಲ್ಲಿರುವ ಚಿಹ್ನೆಗಳನ್ನು ಜೋಡಿ ಮಾಡಿ ಎಣಿಸಿದರೆ, ಒಂದೇ ಜೋಡಿ ಮತ್ತೆ ಮತ್ತೆ ಬರುವುದು ಎದ್ದು ಕಾಣುತ್ತದೆ. 17ಕ್ಕೆ 2 ಕೂಡಿಸಿ, 19! ಎಝಡ್‌ಡಿಕ್ರಿಪ್ಟ್‌ನ ಅಂಕಿಅಂಶದಲ್ಲಿ ಈ ಏರು ಕಂಡಾಗ ನಿಜಕ್ಕೂ ರೋಮಾಂಚನವಾಯಿತು. ಪೆನ್ಸಿಲ್ಲಲ್ಲಿ ಇಷ್ಟು ಎಣಿಸುವ ತಾಳ್ಮೆ ನನಗಿಲ್ಲ.

ಆದರೂ ಸುಳಿವು ಸಾಲಲಿಲ್ಲ. ಆಸ್ಟ್ರೇಲಿಯಾದ ಸ್ಯಾಮ್ ಬ್ಲೇಕ್ 6,50,000ದಷ್ಟು ಓದುವ ಕ್ರಮಗಳನ್ನು ಮಾಡಿಕೊಟ್ಟರು. ಅಮೆರಿಕದ ಡೇವಿಡ್ ಓರಾಂಚಾಕ್ ಅವನ್ನು ಎಝಡ್‌ಡಿಕ್ರಿಪ್ಟ್‌ನಲ್ಲಿ ಓಡಿಸಿದರು. 2020ರ ಡಿಸೆಂಬರ್‌ನಲ್ಲಿ ಒಂದು ಕ್ರಮದಲ್ಲಿ ‘ಗ್ಯಾಸ್ ಚೇಂಬರ್’ ಅನ್ನುವಂಥ ತುಣುಕುಗಳು ಕಂಡವು. ಅವಕ್ಕೆ ಬೀಗ ಹಾಕಿದ ಮೇಲೆ ಮೊದಲ ಒಂಬತ್ತು ಸಾಲು ಬಿಚ್ಚಿಕೊಂಡಿತು. ನಂತರದ ಒಂಬತ್ತು ಸಾಲಿನಲ್ಲಿ ಅದೇ ಓರೆ ಕ್ರಮ ಇದ್ದರೂ ಒಂದು ಕಡೆ ಚಿಹ್ನೆಗಳು ಒಂದು ಮನೆ ಪಕ್ಕಕ್ಕೆ ಸರಿದಿದ್ದವು. ಬರೆದವನ ಕೈತಪ್ಪು. ಕೊನೆಯ ಎರಡು ಸಾಲಿಗೆ ಓರೆ ಕ್ರಮವೇ ಇಲ್ಲ. ಇವರಿಬ್ಬರು, ವಾನ್ ಐಕ್ ಸೇರಿ ಮೂವರೂ ಇದನ್ನು ಕಣ್ಣಿಂದ ನೋಡಿ ಸರಿಪಡಿಸಬೇಕಾಯಿತು.

ಇದನ್ನೇ ಗೆಳೆಯನ ಬರಹದ ಮೇಲೂ ಮಾಡಿಸಿದೆ. ಒಂಬತ್ತು ಸಾಲಿನ ಎರಡು ಭಾಗ, ಎರಡರಲ್ಲೂ ಓರೆ ಬರವಣಿಗೆ, ಎರಡನೆಯದರ ಐದನೇ ಸಾಲಿನಲ್ಲಿ ಒಂದು ಚಿಹ್ನೆ ಮಾಯ. ಮೊದಲ ಭಾಗ ಎಝಡ್‌ಡಿಕ್ರಿಪ್ಟ್‌ಗೆ ಸಲೀಸು. ಎರಡನೆಯದರಲ್ಲಿ ‘ಇನ್ನಿಂಗ್ಸ್’ ಪದದ ಮೊದಲ ನಾಲ್ಕು ಅಕ್ಷರ ಒಂದು ಓರೆಯಲ್ಲಿ, ಉಳಿದ ಮೂರು ಪಕ್ಕದ ಓರೆಯಲ್ಲಿ! ಸಾಫ್ಟ್‌ವೇರ್ ಅದನ್ನು ಉತ್ತರ ಅಂತ ಕೊಟ್ಟು ಸುಮ್ಮನಾಯಿತು. ಕಣ್ಣಿಗೆ ಮಾತ್ರ ಕೂಡಲೇ ಗೊತ್ತಾಗುತ್ತದೆ, ಐದನೇ ಸಾಲಿನ ಹತ್ತಿರ ಏನೋ ಜಾರಿದೆ ಅಂತ. ಒಂದು ಖಾಲಿ ಮನೆ ಸೇರಿಸಿದೆ, ಎಲ್ಲ ಕೂಡಿಕೊಂಡಿತು.

ಹಾಗಾಗಿ ನನ್ನ ಆಯ್ಕೆ ಹೀಗೆ: ಶುರು ಎಝಡ್‌ಡಿಕ್ರಿಪ್ಟ್‌ನಿಂದ, ಅರ್ಧ ಉತ್ತರ ಕೈಗೆ ಬಂದ ಮೇಲೆ ಪೆನ್ಸಿಲ್. ಕ್ರಿಪ್‌ಟೂಲ್ 2 ಹೊಸಬರಿಗೆ, ಹಳೆಯ ಕಾಗದಪತ್ರ ಬಿಡಿಸುವವರಿಗೆ ಚೆನ್ನ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಸೈಫರ್ ಮಾಡಿದರೆ ಯಾವುದೂ ಹಾಗೇ ಕೆಲಸಕ್ಕೆ ಬರುವುದಿಲ್ಲ. ‘ಎ’ ಅಕ್ಷರವೇ ಎಲ್ಲೆಲ್ಲೂ ತುಂಬಿರುತ್ತದೆ, ಇಂಗ್ಲಿಷಿನ ತುಣುಕುಪಟ್ಟಿ ಇಟ್ಟುಕೊಂಡು ಹುಡುಕಿದರೆ ಏನೂ ಸಿಗದು. ಪಟ್ಟಿಯನ್ನು ನಾವೇ ಕಟ್ಟಿಕೊಡಬೇಕು.

ತೀರ ಚಿಕ್ಕದಾದರೆ ನಾಲ್ಕೂ ದಾರಿ ಬಂದ್. 1970ರಲ್ಲಿ ಝೋಡಿಯಾಕ್ ಕಳಿಸಿದ ಇನ್ನೊಂದರಲ್ಲಿ 32 ಚಿಹ್ನೆ ಇವೆ, ಅದರಲ್ಲಿ 29 ಬೇರೆ ಬೇರೆ. ಯಾವ ವಾಕ್ಯ ಬೇಕಾದರೂ ಅಲ್ಲಿ ಕೂರುತ್ತದೆ. ಬಿಡಿಸಿದೆ ಅಂತ ಯಾರಾದರೂ ಬಂದರೆ ನಾನು ಕಿವಿಗೊಡುವುದಿಲ್ಲ.

408ರ ಕೊನೆಯ 18 ಚಿಹ್ನೆಗಳ ಕಥೆ ಬೇರೆ. ಉಳಿದೆಲ್ಲ ಬಿಡಿಸಿದ ಕೀಲಿಯನ್ನೇ ಹಾಕಿದರೂ ಅರ್ಥವಿಲ್ಲದ ಅಕ್ಷರಗಳೇ ಬರುತ್ತವೆ. ಅದರಲ್ಲಿ ಹೆಸರು ಅಡಗಿದೆ ಅಂತ ಹುಡುಕಿದವರು ಬಹಳ ಜನ. ನನಗನ್ನಿಸುವುದು ಬೇರೆ: ಮೂರು ತುಂಡೂ ಒಂದೇ ಅಳತೆ, ಪ್ರತಿಯೊಂದೂ ಎಂಟು ಸಾಲು. ಮಾತು ಮುಗಿದಾಗ ಜಾಗ ಉಳಿದಿತ್ತು, ಸುಮ್ನೆ ತುಂಬಿಸಿದ.