ಸೆಕೆಯ ಹೆಸರು ಹೇಳಿ ರ‍್ಯಾಮ್ ಹೀಟ್‌ಸಿಂಕ್ ಮಾರುತ್ತಾರೆ, ಹುಷಾರು

ಮಂಗಳೂರು, ಉಡುಪಿ ಕಡೆ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಲು ಹೊರಟವರು ಇದನ್ನು ಒಮ್ಮೆ ಓದಿ. "ನಮ್ಮೂರ ಸೆಕೆಗೆ ಹೀಟ್‌ಸಿಂಕ್ ಇಲ್ಲದ ರ‍್ಯಾಮ್ ಬಾಳಿಕೆ ಬರುವುದಿಲ್ಲ" ಎಂದು ಅಂಗಡಿಯವರು ಹೇಳಿದರೆ ನಂಬಬೇಡಿ. ಹೀಟ್‌ಸಿಂಕ್ ಅಂದರೆ ಬಿಸಿ ಇಳಿಸಲು ಸ್ಟಿಕ್ಕಿಗೆ ಅಂಟಿಸುವ ಲೋಹದ ಹೊದಿಕೆ. ನನ್ನ ಭಾವ ಆ ಮಾತಿಗೆ ಜಾಸ್ತಿ ದುಡ್ಡು ಕೊಟ್ಟರು. ಕೊನೆಗೆ ರ‍್ಯಾಮೂ ಹೋಯಿತು, ವಾರಂಟಿಯೂ ಹೋಯಿತು.

ಭಾವನಿಗೆ ಉಡುಪಿಯಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವ ಕೆಲಸ. ಅಂಗಡಿ ಚಿಕ್ಕದು, ಅವರೊಬ್ಬರೇ ದುಡಿಯುವುದು. ಕಂಪ್ಯೂಟರಿನಲ್ಲಿ ಮೊದಲೇ 8 ಜಿಬಿಯ ಎರಡು ಹಳೆ ಸ್ಟಿಕ್ ಇದ್ದವು, 2400ರ ಸ್ಪೀಡಿನವು. ದೊಡ್ಡ ಫೈಲ್ ತೆರೆದರೆ ಎಳೆದಾಡುತ್ತಿತ್ತು. ಅದಕ್ಕೇ ಮಂಗಳೂರಿನ ಒಂದು ಅಂಗಡಿಯಲ್ಲಿ 3200ರ ಡಿಡಿಆರ್4 (ರ‍್ಯಾಮಿನ ಒಂದು ತಲೆಮಾರು), 16 ಜಿಬಿಯ ಎರಡು ಸ್ಟಿಕ್ ಕೇಳಿದರು. ಹೀಟ್‌ಸಿಂಕ್ ಇಲ್ಲದವು ಅಲ್ಲೇ ಕಪಾಟಿನಲ್ಲಿದ್ದವು. "ಅದು ಬೇಡ ಸರ್, ಇಲ್ಲಿಯ ಸೆಕೆಗೆ ಒಂದು ವರ್ಷವೂ ಬರುವುದಿಲ್ಲ" ಎಂದು ಹೇಳಿ, ಮೇಲೆ ಬಾಚಣಿಗೆ ಹಲ್ಲಿನಂತೆ ಎದ್ದು ನಿಂತ ಕೆಂಪು ಹೀಟ್‌ಸಿಂಕಿನ ಸ್ಟಿಕ್ ಕೊಟ್ಟರು.

ಆ ಎತ್ತರದಿಂದಲೇ ತೊಂದರೆ ಶುರುವಾಯಿತು. ಬೋಳು ಡಿಡಿಆರ್4 ಸ್ಟಿಕ್ ಸುಮಾರು 31 ಮಿಲಿಮೀಟರ್ ಎತ್ತರ ಇರುತ್ತದೆ. ಹೀಟ್‌ಸಿಂಕ್ ಸೇರಿ 50 ಮಿಲಿಮೀಟರ್ ದಾಟುವವೂ ಇವೆ. ಭಾವನ ಪ್ರೊಸೆಸರಿನ ಮೇಲೆ ಬಿಸಿ ಇಳಿಸುವ ದೊಡ್ಡ ಟವರ್ ಕೂಲರ್ ಇತ್ತು. ಅದರ ಫ್ಯಾನ್ ರ‍್ಯಾಮ್ ಸ್ಲಾಟಿನ ಮೇಲೆ ಚಾಚಿಕೊಂಡಿತ್ತು. ಹಳೆಯವುಗಳ ಪಕ್ಕ ಹೊಸ ಸ್ಟಿಕ್ ಕೂರಿಸಲು ಅಂಗಡಿಯ ಹುಡುಗ ಆ ಫ್ಯಾನನ್ನು ಕ್ಲಿಪ್ಪಿನಲ್ಲಿ ಮೇಲಕ್ಕೆ ಎಳೆದು ಕಟ್ಟಿದ. ಆಮೇಲೆ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಲಿಲ್ಲ. "ತೆರೆದೇ ಇರಲಿ, ಗಾಳಿ ಆಡುತ್ತದೆ" ಎಂದ. ನಿಜವಾಗಿ ಬಿಸಿ ಕಾರುವುದು ಪ್ರೊಸೆಸರ್. ಸಾಧಾರಣ ಪ್ರೊಸೆಸರೇ 65 ವ್ಯಾಟ್ ಆಸುಪಾಸು ಇರುತ್ತದೆ, ಕೆಲಸ ಜೋರಾದರೆ ಅದಕ್ಕಿಂತ ಜಾಸ್ತಿ. ಒಂದು ರ‍್ಯಾಮ್ ಸ್ಟಿಕ್ ಎಳೆಯುವುದು ಐದು ವ್ಯಾಟಿನ ಒಳಗೆ. ಇಷ್ಟು ತಣ್ಣಗಿನ ವಸ್ತುವಿಗಾಗಿ ಪ್ರೊಸೆಸರಿನ ಫ್ಯಾನನ್ನು ಜರುಗಿಸುವುದು ಯಾವ ನ್ಯಾಯ?

ಮೇ ತಿಂಗಳ ಮದುವೆ ಸೀಸನ್ನಿನಲ್ಲಿ ಕಂಪ್ಯೂಟರ್ ಹ್ಯಾಂಗ್ ಆಗತೊಡಗಿತು. ಅರ್ಧ ಮುಗಿದ ಆಲ್ಬಂ ಎದುರಿಗಿರುವಾಗಲೇ ನೀಲಿ ಪರದೆ. ಅಂಗಡಿಗೆ ಒಯ್ದರೆ "ರ‍್ಯಾಮ್ ಹೀಟ್ ಆಗ್ತಾ ಉಂಟು, ಒಳಗಿನ ಪ್ಯಾಡ್ ಸರಿ ಕೂತಿಲ್ಲ" ಎಂದರು. ಭಾವ ಬೇಡ ಬೇಡ ಎನ್ನುತ್ತಿದ್ದಂತೆಯೇ ಸ್ಕ್ರೂಡ್ರೈವರ್ ತೂರಿಸಿ ಹೀಟ್‌ಸಿಂಕ್ ಎಬ್ಬಿಸಿದರು.

ನಾನು ಆ ಸ್ಟಿಕ್ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಂದು ಕರಿ ಚಿಪ್ಪು ಬೋರ್ಡಿನಿಂದ ಕಿತ್ತು ಬಂದು, ಹೀಟ್‌ಸಿಂಕಿನ ಬೂದು ಗಮ್ ಪ್ಯಾಡಿಗೆ ಅಂಟಿಕೊಂಡಿತ್ತು. ಅದು ಇದ್ದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಬೆಸುಗೆ ಚುಕ್ಕಿಗಳ ಸಾಲು, ಕೆಲವು ಕಡೆ ಚುಕ್ಕಿಯ ಕೆಳಗಿನ ತಾಮ್ರವೂ ಎದ್ದು ಹೋಗಿತ್ತು. ಇಂಥ ಚಿಪ್ಪಿನ ಕೆಳಗೆ ಸಾಮಾನ್ಯವಾಗಿ 78 ಬೆಸುಗೆ ಗುಂಡುಗಳಿರುತ್ತವೆ. ಗಮ್ಮಿನ ಹಿಡಿತ ಅವುಗಳಿಗಿಂತ ಗಟ್ಟಿಯಾದರೆ ಹೀಗೇ ಆಗುವುದು. ವಾರಂಟಿ ಸ್ಟಿಕ್ಕರ್ ಇದ್ದದ್ದು ಹೀಟ್‌ಸಿಂಕಿನ ಮೇಲೆಯೇ. ಅದೂ ಹರಿಯಿತು. ಕಂಪನಿಯವರು ಒಡೆದ ಮಾಲು ಎಂದು ವಾಪಸ್ ಕಳಿಸಿದರು. ಅಂಗಡಿಯವರು ಕಂಪನಿಯನ್ನು ಕೇಳಿ ಎಂದರು.

ಹ್ಯಾಂಗ್ ಆಗುತ್ತಿದ್ದದ್ದಕ್ಕೆ ಕಾರಣವೇ ಬೇರೆ ಇತ್ತು. ಮಣಿಪಾಲದಲ್ಲಿ ಸರ್ವರ್ ನೋಡಿಕೊಳ್ಳುವ ಸ್ನೇಹಿತರೊಬ್ಬರು ಉಳಿದ ಹೊಸ ಸ್ಟಿಕ್ಕನ್ನು ಹಳೆಯವುಗಳ ಜೊತೆ ಹಾಕಿ ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ಪ್ರೋಗ್ರಾಂ ಓಡಿಸಿದರು. ಬಯಾಸಿನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗಿನಲ್ಲಿ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಜೋರು ಸ್ಪೀಡಿನಲ್ಲಿ ಓಡಿಸುವ ಆಯ್ಕೆ, ಆನ್ ಇತ್ತು. 2400ರ ಹಳೆ ಸ್ಟಿಕ್ಕೂ 3200ರಲ್ಲಿ ಓಡಬೇಕಾಗಿತ್ತು. ಎರರ್ ಮೇಲೆ ಎರರ್. ಹಳೆಯವು ತೆಗೆದರು, ಒಂದೂ ಎರರ್ ಇಲ್ಲ. ಹಳೆಯವು ಮತ್ತೆ ಹಾಕಿ ಎಲ್ಲವನ್ನೂ 2400ಕ್ಕೆ ಇಳಿಸಿದರು, ಆಗಲೂ ಇಲ್ಲ. ಮಲ್ಟಿಮೀಟರಿನ ತಾಪಮಾನ ಅಳೆಯುವ ವೈರನ್ನು ಸ್ಟಿಕ್ಕಿಗೆ ತಾಗಿಸಿಟ್ಟರೆ, ಮಧ್ಯಾಹ್ನದ ಸೆಕೆಯಲ್ಲೂ 50 ಡಿಗ್ರಿ ದಾಟಲಿಲ್ಲ.

ರ‍್ಯಾಮ್ ಚಿಪ್ಪಿಗೆ ಮಾಮೂಲಿ ಮಿತಿ 85 ಡಿಗ್ರಿ. ಪ್ರತಿಯೊಂದು ಬಿಟ್ಟೂ (ಮಾಹಿತಿಯ ಅತಿ ಸಣ್ಣ ತುಣುಕು) ಪುಟಾಣಿ ಕೆಪಾಸಿಟರಿನಲ್ಲಿ ಚಾರ್ಜಾಗಿ ಕೂತಿರುತ್ತದೆ, ಅದು ಸೋರುತ್ತಲೇ ಇರುತ್ತದೆ. ಅದಕ್ಕೇ ಪ್ರತಿ 64 ಮಿಲಿಸೆಕೆಂಡಿಗೆ ಒಮ್ಮೆ ಎಲ್ಲವನ್ನೂ ಮತ್ತೆ ತುಂಬಬೇಕು. ಬಿಸಿ ಏರಿದಷ್ಟೂ ಸೋರುವುದು ಜೋರು. 85 ದಾಟಿದರೆ 32 ಮಿಲಿಸೆಕೆಂಡಿಗೇ ತುಂಬಬೇಕಾಗುತ್ತದೆ. ಮನೆಯ, ಅಂಗಡಿಯ ಕಂಪ್ಯೂಟರ್ ಆ ಹಂತದ ಹತ್ತಿರಕ್ಕೂ ಹೋಗುವುದು ಅಪರೂಪ.

ಇನ್ನು ಸೆಕೆಯ ವಿಷಯ. ನಮಗೆ ಕರಾವಳಿಯಲ್ಲಿ ಜೀವ ಹೋಗುವಷ್ಟು ಸೆಕೆ ಆಗುವುದು ಗಾಳಿಯಲ್ಲಿ ತೇವ ಜಾಸ್ತಿಯಾಗಿ ಬೆವರು ಆರದೆ ಇರುವುದರಿಂದ. ಚಿಪ್ಪು ಬೆವರುವುದಿಲ್ಲ. ಅದಕ್ಕೆ ಲೆಕ್ಕ ಇರುವುದು ಗಾಳಿಯ ಉಷ್ಣತೆ ಮಾತ್ರ. ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ 40 ದಾಟುತ್ತವೆ, ನಾವು ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರುತ್ತೇವೆ. ಅಂದಮೇಲೆ ಮಂಗಳೂರಿಗೇ ಅಂತ ವಿಶೇಷವಾಗಿ ಹೀಟ್‌ಸಿಂಕ್ ಯಾಕೆ? ನಮ್ಮ ಕಡೆ ಕಂಪ್ಯೂಟರಿಗೆ ನಿಜವಾದ ಶತ್ರು ಮಳೆಗಾಲದ ತೇವ ಮತ್ತು ಉಪ್ಪಿನ ಗಾಳಿ. ಸ್ಲಾಟಿನಲ್ಲಿ ಕಿಲುಬು ಹಿಡಿಯುವುದನ್ನು ಯಾವ ಹೀಟ್‌ಸಿಂಕೂ ತಡೆಯುವುದಿಲ್ಲ. ಕ್ಯಾಬಿನೆಟ್ ತೆರೆದಿಟ್ಟರೆ ಧೂಳೂ ಸೇರಿ ಅದು ಇನ್ನೂ ಜಾಸ್ತಿ.

ಹೀಟ್‌ಸಿಂಕ್ ಎಲ್ಲಿಯೂ ಬೇಡ ಅಂತ ನಾನು ಹೇಳುವುದಿಲ್ಲ. ಹಿಂದೆ ರ‍್ಯಾಂಬಸ್ ಎಂಬ ಬೇರೆ ಬಗೆಯ ಮೆಮೊರಿಗೆ ಲೋಹದ ಹೊದಿಕೆ ಬೇಕಿತ್ತು. ಡಿಡಿಆರ್2 ಕಾಲದ ಸರ್ವರ್‌ಗಳ ಎಫ್‌ಬಿ-ಡಿಮ್ ಎಂಬ ಸ್ಟಿಕ್ಕಿಗೂ ಬೇಕಿತ್ತು, ಅದರ ನಡುವಿನ, ಮಾಹಿತಿ ದಾಟಿಸುವ ಬಫರ್ ಚಿಪ್ಪು ಸುಡುತ್ತಿತ್ತು. ಈಗಿನ ಡಿಡಿಆರ್5ರಲ್ಲಿ ವೋಲ್ಟೇಜ್ ಹದ ಮಾಡುವ ಚಿಪ್ಪು ಮದರ್‌ಬೋರ್ಡ್ ಬಿಟ್ಟು ಸ್ಟಿಕ್ಕಿನ ಮೇಲೆಯೇ ಬಂದಿದೆ. ಡಿಡಿಆರ್5ರ ಮಾಮೂಲಿ ವೋಲ್ಟೇಜ್ 1.1. ಅದನ್ನು 1.4ಕ್ಕೆ ಏರಿಸಿ ಓವರ್‌ಕ್ಲಾಕ್ ಮಾಡುವವರಿಗೆ (ನಿಗದಿಗಿಂತ ಜೋರಾಗಿ ಓಡಿಸುವವರಿಗೆ) ಹೀಟ್‌ಸಿಂಕ್ ಉಪಯೋಗಕ್ಕೆ ಬರುತ್ತದೆ, ಅದೂ ಗಾಳಿ ಆಡುವಂತಿದ್ದರೆ. ಉಳಿದವರಿಗೆ ಅದು ಚಂದಕ್ಕೆ. ಲ್ಯಾಪ್‌ಟಾಪಿನ ರ‍್ಯಾಮ್ ನೋಡಿ, ಬೋಳಾಗಿಯೇ ಇರುತ್ತದೆ. ಈಗಿನ ಸರ್ವರ್‌ಗಳಲ್ಲೂ ಹೆಚ್ಚಿನವು ಬೋಳೇ. ಇಪ್ಪತ್ತನಾಲ್ಕು ಗಂಟೆ ಓಡುತ್ತವೆ, ಫ್ಯಾನಿನ ಗಾಳಿ ಸಾಕಾಗುತ್ತದೆ.

ಚಂದ ಬೇಕು ಅಂತ ಗೊತ್ತಿದ್ದೇ ತೆಗೆದುಕೊಂಡರೆ ತಪ್ಪೇನಿಲ್ಲ. ಆದರೆ ಮೊದಲು ಎತ್ತರ ಕೇಳಿ, ನಿಮ್ಮ ಕೂಲರಿನ ಕೆಳಗಿನ ಜಾಗ ಅಳೆಯಿರಿ. ಹಳೆ ಸ್ಟಿಕ್ ಜೊತೆ ಸೇರಿಸುವುದಾದರೆ ಅದರ ಸ್ಪೀಡ್ ಎಷ್ಟು ಎಂದು ಸಿಪಿಯು-ಝಡ್ ಎಂಬ ಪ್ರೋಗ್ರಾಮಿನಲ್ಲಿ ನೋಡಿ. ಹ್ಯಾಂಗ್ ಆದರೆ ಎಕ್ಸ್‌ಎಂಪಿ ಆಫ್ ಮಾಡಿ ಮೆಮ್‌ಟೆಸ್ಟ್ ಓಡಿಸಿ, ಅದು ಪುಕ್ಕಟೆ. ಮುಖ್ಯವಾಗಿ, ಹೀಟ್‌ಸಿಂಕ್ ಕೀಳಲು ಯಾರಿಗೂ ಬಿಡಬೇಡಿ. ಕೌಂಟರಿನ ಒಳಗೆ ಒಯ್ಯುತ್ತೇವೆ ಎಂದರೆ ಸ್ಟಿಕ್ ವಾಪಸ್ ಇಸ್ಕೊಳ್ಳಿ.

ಈಗಾಗಲೇ ಕೀಳಿಸಿ ಹಾಳಾಗಿದ್ದರೆ ಸುಮ್ನೆ ಕೂರಬೇಡಿ. ಬಿಲ್ಲು, ಸ್ಟಿಕ್ಕಿನ ಫೋಟೋ ಇಟ್ಟುಕೊಂಡು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಮಾಲಿಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. 2019ರ ಕಾಯಿದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಂಗಳೂರಿನ ಅಂಗಡಿಗಾಗಿ ಮಂಗಳೂರಿಗೆ ಅಲೆಯಬೇಕಾಗಿಲ್ಲ. ಹೊಟ್ಟೆಪಾಡಿಗೆ ಸ್ವಂತ ಕೆಲಸ ಮಾಡಿಕೊಂಡಿರುವವರೂ ಅದರಲ್ಲಿ ಗ್ರಾಹಕರೇ. ಭಾವ ಉಡುಪಿಯಲ್ಲೇ ದೂರು ಕೊಡಲು ಕಾಗದ ಪತ್ರ ಜೋಡಿಸುತ್ತಿದ್ದಾರೆ.